ಬಚ್ಚಲ ಹಿಂದಿನ ಜೇಕು

ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದ ನಮ್ಮ ಸೋದರಮಾವ ಹಿತ್ತಲಿಗೆ ಹೋಗಿ ಬಂದವರೇ ಕೇಳಿದರು: "ಏನವ್ವ, ಬಚ್ಚಲ ಗುಂಡಿ ತುಂಬ ಜೇಕು ಬೆಳೆಸಿದೀಯಲ್ಲ? ಕಿತ್ತುಹಾಕಿ ತಾವರೆ ಬಿಡು, ಅಮ್ಮನ ಪೂಜೆಗೂ ಆಗ್ತದೆ." ಜೊತೆಗೆ ಗೀತೆಯ ಐದನೇ ಅಧ್ಯಾಯವನ್ನೂ ಎಳೆದು ತಂದರು. ನೀರಲ್ಲಿದ್ದೂ ನೀರು ಅಂಟಿಸಿಕೊಳ್ಳದ ತಾವರೆ ಎಲೆಯ ಹಾಗೆ ಸಂಸಾರದಲ್ಲಿರಬೇಕಂತೆ.

ಎದುರಾಡಲಿಲ್ಲ. ಪಾತ್ರೆ ತಿಕ್ಕುವಾಗ ಅನ್ನಿಸಿತು: ಎಲೆಗೆ ಅಂಟಲಿಲ್ಲ, ಸರಿ. ಆ ಕೊಳೆ ನೀರಿನ ಗತಿ?

ಈರುಳ್ಳಿ ಹೊಲದಲ್ಲಿ ಜೇಕಿಗೆ ಶಾಪ ಹಾಕುವವಳೇ ನಾನು. ಗರಿ ಹಿಡಿದೆಳೆದರೆ ಗರಿ ಕೈಗೆ, ಗಡ್ಡೆ ಮಣ್ಣಿಗೆ. ಒಂದು ಗಡ್ಡೆಗೆ ದಾರ ಕಟ್ಟಿದ ಹಾಗೆ ಇನ್ನೊಂದು, ಅದಕ್ಕೆ ಮತ್ತೊಂದು. ಪೂರ್ವಜನ್ಮದ ವಾಸನೆ ಅನ್ನುತ್ತಾರಲ್ಲ, ಇದೇ ಇರಬೇಕು! ಅದೇ ಗಡ್ಡೆ ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿಯಾಗಿ ಜ್ವರದ ಕಷಾಯಕ್ಕೆ ಬೀಳುತ್ತದೆ. ಗರಿಕೆಯೂ ಹೊಲದಲ್ಲಿ ಕಳೆ, ಗಣಪತಿಯ ತಲೆ ಮೇಲೆ ಪೂಜೆ.

ಬಚ್ಚಲ ಹಿಂದಿನದು ಹೊಲದ ಜೇಕಿನ ದಾಯಾದಿ, ಸೊಂಟದೆತ್ತರದ್ದು. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಏಣು ಸಿಗುತ್ತವೆ. ಕೆರೆಯಂಗಳದಿಂದ ಎರಡು ಬುಡ ತಂದು ಊರಿದ್ದೆ. ದಂಟಿನೊಳಗೆ ಗಾಳಿಯ ಸಂದುಗಳಿವೆ. ಗಾಳಿಯಾಡದ ಕೆಸರಿನ ತಳಕ್ಕೆ ಅವು ಉಸಿರು ಇಳಿಸುತ್ತವೆ, ಬೇರಿನ ಸುತ್ತಲ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ನಾತ ಪೂರಾ ಹೋಗಿದೆ ಎಂದು ಸುಳ್ಳು ಹೇಳಲಾರೆ. ಆದರೆ ಊಟದ ಹೊತ್ತಿಗೆ ಹಿತ್ತಲ ಬಾಗಿಲು ಮುಚ್ಚುವುದನ್ನು ಬಿಟ್ಟಿದ್ದೇನೆ.

ಗೀತೆಯೇನೂ ಕೆಲಸ ಬಿಡು ಅನ್ನಲಿಲ್ಲ, ಅಂಟಿಕೊಳ್ಳದೆ ಮಾಡು ಅಂದಿತು. ಹೋಲಿಕೆಗೆ ಮಾತ್ರ ಎಲೆ ಬಂತು, ಬೇರು ಬರಲಿಲ್ಲ. ತಾವರೆಯ ಬೇರಾದರೂ ಕೆಸರಲ್ಲೇ ತಾನೆ ಇರುವುದು? ಮಾವನವರ ನಿರ್ಲಿಪ್ತಿ ದೊಡ್ಡದೇ. ಅವರ ಬಚ್ಚಲನ್ನು ಅತ್ತೆ ತೊಳೆಯುತ್ತಾರೆ. ನನಗೆ ಹತ್ತಿರದವಳು ಶಿರಾಳಕೊಪ್ಪದ ಪಕ್ಕದ ಜಂಬೂರಿನ ಸತ್ಯಕ್ಕ. ಹನ್ನೆರಡನೇ ಶತಮಾನದ ಆ ಶರಣೆಯ ಕಾಯಕ ಭಕ್ತರ ಮನೆಯಂಗಳ ಗುಡಿಸುವುದು. ಕಸ ಮುಟ್ಟಿದ ಕೈಯೇ ವಚನಕ್ಕೂ ಆಯಿತು. ಅಂಟಿಸಿಕೊಂಡೂ ಕೊಳೆಯದೆ ಇರುವುದು, ಅಂಟಿಸಿಕೊಳ್ಳದೆ ಇರುವುದಕ್ಕಿಂತ ಕಷ್ಟ ಎಂದೇ ನನ್ನ ಲೆಕ್ಕ.

ನಿಮ್ಮ ಬಚ್ಚಲ ನೀರೂ ಹಿತ್ತಲಲ್ಲಿ ನಿಲ್ಲುತ್ತಿದ್ದರೆ ಈ ಎತ್ತರದ ಜೇಕಿನ ಎರಡು ಬುಡ ಕೆಸರು ಸಮೇತ ತಂದು ಊರಿ. ಬೇಸಿಗೆಯಲ್ಲಿ ನಾಲ್ಕು ಬೆರಳು ಬಿಟ್ಟು ಕುಯ್ಯಿರಿ. ಸುತ್ತ ಕಲ್ಲು ಹೂಳುವುದು ಮರೆಯಬೇಡಿ. ತೋಟಕ್ಕೆ ನುಗ್ಗಿದರೆ ನನ್ನನ್ನೇ ಬಯ್ಯುತ್ತೀರಿ.