ಓದುವ ಮಗುವಿಗೆ ಎಂಥ ಪುಸ್ತಕ ಕೊಡೋಣ?



ಕಳೆದ ತಿಂಗಳು ಒಂದು ಭಾನುವಾರ ಎರಡನೆಯ ಪೂಜೆ ಮುಗಿಸಿ ಹೊರಗೆ ಬಂದಾಗ ತಾಯಿಯೊಬ್ಬರು ಮಗಳ ಕೈ ಹಿಡಿದುಕೊಂಡು ಕಾದು ನಿಂತಿದ್ದರು. "ಫಾದರ್, ಇವಳಿಗೆ ಹತ್ತು ವರ್ಷ. ಮಕ್ಕಳ ಪುಸ್ತಕ ಕೊಡಿಸಿದರೆ ಬಸ್ಸಿನಲ್ಲಿ ಮನೆ ತಲುಪುವುದರೊಳಗೆ ಮುಗಿಸಿಬಿಡುತ್ತಾಳೆ. ದೊಡ್ಡ ಪುಸ್ತಕ ಕೊಡೋಣವೆಂದರೆ ಅದರಲ್ಲಿ ಏನಿರುತ್ತದೋ ಎಂದು ಹೆದರಿಕೆ. ಏನು ಕೊಡಲಿ?" ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ಹೊತ್ತು ಬರುವ ತಂದೆತಾಯಿಗಳು ಅಪರೂಪ. ಮಕ್ಕಳು ಓದುವುದೇ ಇಲ್ಲವೆಂದು ದೂರುವವರೇ ಹೆಚ್ಚು, ಅದೂ ತಮ್ಮ ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ! ಆದರೂ ನಾನು ಆಕೆಗೆ ಕೂಡಲೇ ಉತ್ತರ ಕೊಡಲಿಲ್ಲ. ಈ ವಿಷಯದಲ್ಲಿ ಒಮ್ಮೆ ಎಡವಿದವನು ನಾನು.

ಗುರುದೀಕ್ಷೆಯಾದ ಹೊಸತರಲ್ಲಿ ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿ ಪೂಜೆಗೆ ಸಹಾಯ ಮಾಡುತ್ತಿದ್ದ ಹತ್ತು ವರ್ಷದ ಹುಡುಗನೊಬ್ಬ ಸಭಾಂಗಣದ ಕಪಾಟಿನಲ್ಲಿದ್ದ ಸಂತರ ಕಿರುಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಇನ್ನೇನಿದೆ ಎಂದು ನನ್ನ ಬೆನ್ನು ಹತ್ತಿದ್ದ. ನಾನು ಹೆಚ್ಚು ಯೋಚಿಸದೆ ನನ್ನ ಮೇಜಿನ ಮೇಲಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಕೊಟ್ಟೆ. ತೆಳುವಾದ ಪುಸ್ತಕ, ಸರಳ ಕನ್ನಡ, ದೊಡ್ಡ ಲೇಖಕರು. ಸಾಲದೇ?

ಮೂರನೆಯ ದಿನ ನಾನು ಪೂಜಾವಸ್ತ್ರ ಕಳಚುತ್ತಿದ್ದಾಗ ಪುಸ್ತಕ ಹಿಂದಕ್ಕೆ ಕೊಟ್ಟು, "ಫಾದರ್, ಆ ತೋಟದ ರೈಟರ್ ನಮ್ಮ ಜನವಾ?" ಎಂದು ಕೇಳಿದ. ಕಾದಂಬರಿ ಓದಿದವರಿಗೆ ಗೊತ್ತು: ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಬೆಳ್ಳಿಯ ಅಸಹಾಯಕತೆಯನ್ನು ಬಳಸಿಕೊಳ್ಳುವವನು ಒಬ್ಬ ಕ್ರೈಸ್ತ ರೈಟರ್. ನನಗೆ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಂಡೊಯ್ಯುವ ಅವಸರವಿತ್ತು. "ಅದು ಬರೀ ಕತೆ ಮರೀ" ಎಂದು ಹೊರಟುಬಿಟ್ಟೆ. ಎರಡು ವಾರಗಳ ನಂತರ ಅವನ ತಾಯಿ ಬಂದು, ಮಗ ಅಪ್ಪನ ಜೊತೆ ಊಟಕ್ಕೇ ಕೂರುತ್ತಿಲ್ಲ, ಕೇಳಿದರೆ ಬಾಯಿ ಬಿಡುವುದಿಲ್ಲ ಎಂದು ಅತ್ತರು. ಆ ಹುಡುಗನ ತಂದೆ ತೋಟವೊಂದರಲ್ಲಿ ರೈಟರ್ ಆಗಿದ್ದರು.

ತಪ್ಪು ಎಲ್ಲಿತ್ತು? ಪುಸ್ತಕದಲ್ಲಿ ಖಂಡಿತ ಅಲ್ಲ. 1933ರಲ್ಲಿ ಕಾರಂತರು ಬರೆದದ್ದನ್ನು ನಾವು ಕ್ರೈಸ್ತರು ತಲೆ ತಗ್ಗಿಸಿ ಓದಬೇಕು. ಹುಡುಗನಲ್ಲೂ ಅಲ್ಲ, ಅವನು ಓದಿದ್ದನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದ. ನಾನು ಮಾಡಿದ್ದು ಎರಡು ತಪ್ಪು. ಪುಟಗಳನ್ನು ಎಣಿಸಿದೆ, ಭಾರವನ್ನು ತೂಗಲಿಲ್ಲ. ಅದಕ್ಕಿಂತ ದೊಡ್ಡದು, ಅವನು ಪ್ರಶ್ನೆ ಹಿಡಿದು ಬಂದಾಗ ಬೆನ್ನು ತಿರುಗಿಸಿದೆ.

ಕಣ್ಣು ಬೇಗ ಬೆಳೆಯುತ್ತದೆ. ಹತ್ತು ವರ್ಷದ ಮಗು ಹದಿನೈದರ ಮಗುವಿನಂತೆ ಓದಬಲ್ಲದು. ಆದರೆ ಅದು ಬದುಕಿರುವುದು ಹತ್ತೇ ವರ್ಷ. ಹಾಗಾದರೆ ಓದಬಲ್ಲ ಮಗುವಿಗೆ ಬೇಡವೆನ್ನಲು ನಮಗೇನು ಅಧಿಕಾರ? ಗುರುಮಠದಲ್ಲಿ ಸಂತ ಥೋಮಸ್ ಅಕ್ವಿನಾಸರ ವಿವೇಕದ ಪಾಠವನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. ತನ್ನಷ್ಟಕ್ಕೆ ಒಳ್ಳೆಯದಾದದ್ದೂ ಸಂದರ್ಭ ಸೇರಿದಾಗ ಒಳ್ಳೆಯದಾಗಿ ಉಳಿಯದಿರಬಹುದು, ಆದ್ದರಿಂದ ಸುತ್ತಲೂ ನೋಡಿ ನಡೆಯುವುದೂ ವಿವೇಕದ ಒಂದು ಅಂಗ ಎನ್ನುತ್ತಾರೆ ಅವರು. ಅದರ ಅರ್ಥವನ್ನು ನನಗೆ ಕಲಿಸಿದವನು ಆ ಹುಡುಗ.

ಧಾರ್ಮಿಕ ಪುಸ್ತಕವಾದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಆವಿಲಾದ ಸಂತ ತೆರೇಸಾ ಸುಮಾರು ಏಳು ವರ್ಷದವಳಿದ್ದಾಗ ತಮ್ಮ ಮನೆಯಲ್ಲಿದ್ದ ಸಂತರ ಚರಿತ್ರೆಗಳನ್ನು ಓದಿ, ತಾವೂ ರಕ್ತಸಾಕ್ಷಿಗಳಾಗಬೇಕೆಂದು ಸಹೋದರನೊಡನೆ ಮನೆ ಬಿಟ್ಟು ಹೊರಟೇಬಿಟ್ಟಿದ್ದರು. ಪುಣ್ಯಕ್ಕೆ ಚಿಕ್ಕಪ್ಪನೊಬ್ಬರ ಕಣ್ಣಿಗೆ ಬಿದ್ದರು! ಬೈಬಲನ್ನೇ ತೆಗೆದುಕೊಳ್ಳಿ. ನ್ಯಾಯಸ್ಥಾಪಕರ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿದ ಮಗುವಿಗೆ ಏನು ಹೇಳುತ್ತೀರಿ?

ಸುಮಾರು 403ರಲ್ಲಿ ಸಂತ ಜೆರೋಮ್ ಬೆತ್ಲೆಹೇಮಿನಿಂದ ರೋಮಿನ ಲೇತಾ ಎಂಬ ತಾಯಿಗೆ ಒಂದು ಪತ್ರ ಬರೆದರು. ಮಗಳು ಪೌಲಾಳನ್ನು ಹೇಗೆ ಓದಿಸಬೇಕೆಂಬುದೇ ಅದರ ವಿಷಯ. ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಮಾಡಿಸಿ ಆಟಕ್ಕೆ ಕೊಡಿ ಎಂದು ಆರಂಭಿಸಿ, ಪವಿತ್ರ ಗ್ರಂಥವನ್ನು ಓದಬೇಕಾದ ಕ್ರಮವನ್ನೂ ಹೇಳುತ್ತಾರೆ: ಮೊದಲು ಕೀರ್ತನೆಗಳು, ಆಮೇಲೆ ಜ್ಞಾನೋಕ್ತಿಗಳು, ಉಪದೇಶಕ, ಯೋಬ, ಅನಂತರ ಶುಭಸಂದೇಶಗಳು, ಹೀಗೆ ಸಾಗಿ ಎಲ್ಲಕ್ಕಿಂತ ಕೊನೆಗೆ ಪರಮಗೀತೆ. ಗಮನಿಸಿ, ಜೆರೋಮ್ ಪರಮಗೀತೆಯನ್ನು ನಿಷೇಧಿಸಲಿಲ್ಲ. ಅದಕ್ಕೊಂದು ಸರದಿ ಕೊಟ್ಟರು. (ಇಷ್ಟೆಲ್ಲ ಬರೆದು, ಕಷ್ಟವಾದರೆ ಮಗುವನ್ನು ಇಲ್ಲಿಗೇ ಕಳುಹಿಸಿ, ನಾನೇ ಕಲಿಸುತ್ತೇನೆ ಎಂದೂ ಸೇರಿಸಿದರು. ಬ್ರಹ್ಮಚಾರಿಗಳಿಗೆ ಮಕ್ಕಳನ್ನು ಸಾಕುವುದು ಯಾವಾಗಲೂ ಸುಲಭವಾಗಿ ಕಾಣುತ್ತದೆ.)

ನಿಷೇಧಕ್ಕೂ ಸರದಿಗೂ ಬಹಳ ವ್ಯತ್ಯಾಸವಿದೆ. "ಅದು ಕೆಟ್ಟ ಪುಸ್ತಕ" ಎಂದು ಹೇಳಿದರೆ ಮಗುವಿಗೆ ಸುಳ್ಳು ಹೇಳಿದಂತೆ, ಜೊತೆಗೆ ಕದ್ದು ಓದುವುದನ್ನೂ ಕಲಿಸಿದಂತೆ. "ಇದು ನಿನಗಾಗಿ ಇಟ್ಟಿರುವ ಪುಸ್ತಕ, ಇನ್ನು ನಾಲ್ಕು ವರ್ಷಕ್ಕೆ ಇಬ್ಬರೂ ಓದೋಣ" ಎಂದರೆ ಅದು ಸತ್ಯ, ಮಗುವಿಗೆ ಗೌರವವೂ ಹೌದು. ಹ್ಯಾರಿ ಪಾಟರ್ ಪುಸ್ತಕಗಳನ್ನೇ ನೋಡಿ. ಮಾಟಮಂತ್ರದ ಕಾರಣಕ್ಕೆ ಅವನ್ನು ವಿರೋಧಿಸುವವರಿದ್ದಾರೆ, ನನ್ನ ಚಿಂತೆ ಅದಲ್ಲ. 1997ರಿಂದ 2007ರವರೆಗೆ ಏಳು ಪುಸ್ತಕಗಳು ಒಂದೊಂದಾಗಿ ಬಂದವು. ಹುಡುಗ ಹನ್ನೊಂದರಿಂದ ಹದಿನೇಳಕ್ಕೆ ಬೆಳೆಯುತ್ತಾನೆ, ಕತೆಯೂ ಕತ್ತಲಾಗುತ್ತಾ ಸಾವುನೋವು ಹೆಚ್ಚುತ್ತಾ ಹೋಗುತ್ತದೆ. ಅಂದಿನ ಮಕ್ಕಳು ಕಾದು ಓದುತ್ತಾ ಅವನೊಡನೆ ಬೆಳೆದರು. ಇಂದು ಜಾಣ ಮಗು ಏಳನ್ನೂ ಒಂದೇ ಬೇಸಿಗೆ ರಜೆಯಲ್ಲಿ ಮುಗಿಸುತ್ತದೆ. ವರ್ಷಕ್ಕೊಂದು ಎಂದು ಕೊಡುವವರು ಯಾರು? ನೀವೇ.

ಹಾಗೆಂದು ಹೆದರಿ, ಹಸಿದ ಮಗುವನ್ನು ಬಣ್ಣದ ಚಿತ್ರಗಳ ಹದಿನಾರು ಪುಟಗಳಲ್ಲೇ ಕೂರಿಸಬೇಡಿ. ಅದೂ ಅನ್ಯಾಯ. ದೊಡ್ಡ ಪುಸ್ತಕವೆಂದರೆ ದೊಡ್ಡವರ ಪುಸ್ತಕವೇ ಆಗಬೇಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಹತ್ತು ವರ್ಷದ ಮಗುವಿಗೂ ಒಗ್ಗುತ್ತದೆ. ಹಾರುವ ಓತಿಯನ್ನು ಹುಡುಕುತ್ತಾ ಕಾಡು ಹೊಗುವ 'ಕರ್ವಾಲೊ'ವನ್ನು ಹನ್ನೆರಡಕ್ಕೆ ಇಟ್ಟುಕೊಳ್ಳಿ. ಕಾರಂತರ 'ಬಾಲಪ್ರಪಂಚ'ದ ಮೂರು ಸಂಪುಟಗಳು ಹಳೆಯ ಗ್ರಂಥಾಲಯಗಳಲ್ಲಿ ಸಿಕ್ಕಬಹುದು. 1936ರ ವಿಜ್ಞಾನ ಹಳೆಯದಾಗಿದೆ, ಕುತೂಹಲ ಹಳೆಯದಾಗಿಲ್ಲ. ಇಂಗ್ಲಿಷ್ ಬಲ್ಲ ಮಗುವಿಗೆ ಯೊಹಾನಾ ಸ್ಪೀರಿಯವರ 'ಹೈಡಿ' ಇದೆ, ಸಿ. ಎಸ್. ಲೂಯಿಸರ ನಾರ್ನಿಯಾದ ಏಳು ಪುಸ್ತಕಗಳಿವೆ.

ಆದರೆ ಇಂಥ ಯಾವ ಪಟ್ಟಿಯೂ ನಿಮ್ಮ ಮಗುವನ್ನು ಬಲ್ಲದು ಎನ್ನಲಾಗದು. ಹಾಗಾಗಿ ನೀವೇ ಓದಬೇಕಾಗುತ್ತದೆ. ಅದನ್ನು ನನಗೆ ತೋರಿಸಿದವರು ಆ ತೋಟದ ರೈಟರ್. ನಾನು ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಪುಸ್ತಕ ಕೇಳಿ ಪಡೆದರು. ಏಳನೆಯ ತರಗತಿಗೇ ಶಾಲೆ ಬಿಟ್ಟವರು, ಎರಡು ರಾತ್ರಿ ಕೂತು ಓದಿದರು. ಮೂರನೆಯ ದಿನ ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ತಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಲೈನು ಮನೆಗಳಲ್ಲಿ ಏನೇನು ಕಂಡಿದ್ದರು, ಎಲ್ಲಿ ಬಾಯಿ ಬಿಟ್ಟಿದ್ದರು, ಎಲ್ಲಿ ಹೆದರಿ ಸುಮ್ಮನಿದ್ದರು ಎಂಬುದನ್ನೆಲ್ಲ ಹೇಳಿದರಂತೆ. ಅಂದು ರಾತ್ರಿ ಹುಡುಗ ಅಪ್ಪನ ಪಕ್ಕದಲ್ಲೇ ಊಟಕ್ಕೆ ಕೂತ.

ಇದನ್ನೆಲ್ಲ ಆ ತಾಯಿಗೆ ಹೇಳಿ 'ಪರಿಸರದ ಕತೆ'ಯ ಹೆಸರು ಬರೆದುಕೊಟ್ಟೆ. "ನಾನು ಕಾಲೇಜು ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಓದಿಲ್ಲ ಫಾದರ್" ಎಂದು ಸಂಕೋಚಪಟ್ಟರು. ಹೋದ ಭಾನುವಾರ ಮತ್ತೆ ಸಿಕ್ಕರು. ಒಂದೇ ಪ್ರತಿ, ಇಬ್ಬರು ಓದುಗರು. ಮಗಳು ಬಹಳ ಮುಂದಿದ್ದಾಳಂತೆ. ಕಿವಿ ಎಂಬ ಆ ನಾಯಿಯ ವಿಷಯ ಮುಂದೇನಾಗುತ್ತದೆಂದು ಬಾಯಿ ಬಿಡಕೂಡದು ಎಂದು ಅಮ್ಮ ಅವಳಿಗೆ ತಾಕೀತು ಮಾಡಿದ್ದಾರೆ.