ಅಳದ ಮಗುವಿನ ಹಸಿವು

ನ್ಯಾಯವೂ ಕರುಣೆಯೂ ಒಂದಕ್ಕೊಂದು ವಿರುದ್ಧವೇ? ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ನಾನು ತತ್ತ್ವಶಾಸ್ತ್ರದ ಉನ್ನತ ವ್ಯಾಸಂಗದಲ್ಲಿದ್ದಾಗ ಈ ಪ್ರಶ್ನೆ ಉತ್ತರಪತ್ರಿಕೆಗಳ ಕಟ್ಟಿನ ರೂಪದಲ್ಲಿ ಎದುರಾಯಿತು. ಅಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಬೋಧನಾ ಸಹಾಯಕರಾಗಿ ಪದವಿ ತರಗತಿಗಳ ಉತ್ತರಪತ್ರಿಕೆಗಳನ್ನು ತಿದ್ದಿ ಅಂಕ ನೀಡುವುದುಂಟು.

ಅಂಕಗಳು ಪ್ರಕಟವಾದ ಮರುದಿನ ವಿದ್ಯಾರ್ಥಿಯೊಬ್ಬ ಬಂದು, ಇನ್ನು ನಾಲ್ಕು ಅಂಕ ದೊರೆಯದಿದ್ದರೆ ತನ್ನ ವಿದ್ಯಾರ್ಥಿವೇತನ ಕೈತಪ್ಪುವುದೆಂದು ಕಣ್ಣೀರಿಟ್ಟ. ನನ್ನ ಮನಸ್ಸು ಕರಗಿತು. ವಿಷಯ ತಿಳಿಸಿದಾಗ ಪ್ರಾಧ್ಯಾಪಕರು ಶಾಂತವಾಗಿ ಕೇಳಿದರು: "ಅವನಂತೆಯೇ ಬರೆದು, ನಿಮ್ಮ ಬಾಗಿಲು ತಟ್ಟದವರಿಗೆ ಏನು ಕೊಡುವಿರಿ?"

ಆ ಪ್ರಶ್ನೆ ನನ್ನನ್ನು ನಿದ್ರಿಸಗೊಡಲಿಲ್ಲ. ಹೆಸರುಗಳು ಕಾಣದಂತೆ ಹಾಳೆಗಳನ್ನು ಮಡಚಿ, ಎಲ್ಲರ ಮೊದಲನೆಯ ಉತ್ತರ, ಅನಂತರ ಎಲ್ಲರ ಎರಡನೆಯ ಉತ್ತರ ಎಂಬ ಕ್ರಮದಲ್ಲಿ ಮತ್ತೆ ಓದಿದೆ. ಆಗ ನನ್ನ ತಪ್ಪುಗಳು ಕಂಡವು. ಮೊದಲ ಉತ್ತರ ಸೊಗಸಾಗಿದ್ದವರ ಎರಡನೆಯ ಉತ್ತರದ ದೋಷಗಳನ್ನು ಮನ್ನಿಸಿದ್ದೆ. ದಣಿದ ಹೊತ್ತಿನಲ್ಲಿ ತಿದ್ದಿದವರ ಮೇಲೆ ಬಿಗಿಯಾಗಿದ್ದೆ. ಇದು ನನ್ನೊಬ್ಬನ ದೌರ್ಬಲ್ಯವಲ್ಲ. 1912ರಲ್ಲಿ ಪ್ರಕಟವಾದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅವರ ಅಧ್ಯಯನದಲ್ಲಿ ಇಂಗ್ಲಿಷಿನ ಒಂದೇ ಉತ್ತರಪತ್ರಿಕೆಯನ್ನು 142 ಶಾಲೆಗಳ ಶಿಕ್ಷಕರು ತಿದ್ದಿದ್ದರು. ನೂರಕ್ಕೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು!

ಮರುಪರಿಶೀಲನೆಯಲ್ಲಿ ಆ ವಿದ್ಯಾರ್ಥಿಗೆ ಎರಡೇ ಅಂಕ ಹೆಚ್ಚಿದವು. ತರಗತಿಯಲ್ಲಿ ಎಂದೂ ಬಾಯಿ ತೆರೆಯದ, ನನ್ನಲ್ಲಿಗೆ ಬಾರದೇ ಇದ್ದ ಹುಡುಗಿಯೊಬ್ಬಳಿಗೆ ಆರು ಹೆಚ್ಚಿದವು. ಬೇಡಿದವನಿಗಷ್ಟೇ ಕೊಟ್ಟು ಸುಮ್ಮನಾಗಿದ್ದರೆ ಅವಳಿಗಾದ ಅನ್ಯಾಯ ನನಗೆ ತಿಳಿಯುತ್ತಲೇ ಇರಲಿಲ್ಲ.

ಹಾಗಾದರೆ ಆ ಹುಡುಗನ ಕಣ್ಣೀರಿಗೆ ಉತ್ತರವೇನು? ಅಂಕ ನನ್ನ ಸ್ವಂತ ಆಸ್ತಿಯಲ್ಲ, ಅದನ್ನು ದಾನ ಮಾಡುವ ಹಕ್ಕು ನನಗಿರಲಿಲ್ಲ. ಸಮಯ ನನ್ನದಾಗಿತ್ತು. ಮುಂದಿನ ಪರೀಕ್ಷೆಯವರೆಗೆ ವಾರಕ್ಕೊಂದು ಸಂಜೆ ಅವನೊಡನೆ ಕುಳಿತು ಬರವಣಿಗೆ ಕಲಿಸಿದೆ. ಪ್ರಾಧ್ಯಾಪಕರು ವಿದ್ಯಾರ್ಥಿವೇತನ ನೀಡುವವರಿಗೆ ಅವನ ಪರಿಸ್ಥಿತಿಯನ್ನು ವಿವರಿಸಿ ಪತ್ರ ಬರೆದರು. ಕೊನೆಗೂ ಆ ವರ್ಷದ ವೇತನ ಅವನಿಗೆ ದೊರೆಯಲಿಲ್ಲ. ಆ ನೋವು ಇಂದಿಗೂ ನನ್ನಲ್ಲಿದೆ. ಆದರೂ ಕರುಣೆಯ ಬೆಲೆಯನ್ನು ಕರುಣೆ ತೋರುವವನೇ ತೆರಬೇಕು, ಮತ್ತೊಬ್ಬರ ಪಾಲಿನಿಂದ ತೆಗೆದು ಕೊಡಬಾರದು ಎಂಬುದನ್ನು ಅಂದು ಕಲಿತೆ.

ಅತ್ತ ಮಗುವಿಗೇ ಹಾಲು ಎನ್ನುತ್ತೇವೆ. ನಮ್ಮ ಮನೆಗಳಲ್ಲೂ ಹಟ ಮಾಡುವ ಮಗುವಿಗೆ ಬೇಗ ಕೊಡುತ್ತೇವೆ, ಮೌನವಾಗಿರುವ ಮಗುವನ್ನು "ಒಳ್ಳೆಯವಳು" ಎಂದು ಹೊಗಳಿ ಮರೆಯುತ್ತೇವೆ. ಅಳದ ಮಗುವಿಗೂ ಹಸಿವಿದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಆ ಮಗುವಿನ ತಟ್ಟೆಯತ್ತ ಒಮ್ಮೆ ನೋಡೋಣವೇ?