ಹಸಿವಿನ ಕರೆ ಮತ್ತು ನಮ್ಮ ಹೊಣೆ

ಮಿತಿಮೀರಿ ತಿನ್ನುವುದು ತಪ್ಪೆಂದು ಎಲ್ಲರೂ ಬಲ್ಲರು. ಆದರೆ ದಪ್ಪಗಿರುವವರೆಲ್ಲ ಹೊಟ್ಟೆಬಾಕರೇ? ಅವರ ಶರೀರವೇ ಅವರ ತಪ್ಪಿಗೆ ಸಾಕ್ಷಿಯೇ? ತೀರ್ಪು ನೀಡುವ ಮುನ್ನ ಹಸಿವೆಂದರೇನೆಂದು ಅರಿಯಬೇಕು.

ಹಸಿವಿನ ಲೆಕ್ಕ ನಡೆಯುವುದು ಮುಖ್ಯವಾಗಿ ಮೆದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಪುಟ್ಟ ಭಾಗದಲ್ಲಿ. ಊಟದ ಹೊತ್ತು ಸಮೀಪಿಸಿದಾಗ ಜಠರವು ಗ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು ಉಣ್ಣಲು ಕರೆಯುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಕಳುಹಿಸಿ, ದಾಸ್ತಾನು ಸಾಕಷ್ಟಿದೆ ಎಂದು ತಿಳಿಸುತ್ತವೆ. ಲೆಪ್ಟಿನ್ ಪತ್ತೆಯಾದದ್ದು 1994ರಲ್ಲಿ, ಗ್ರೆಲಿನ್ 1999ರಲ್ಲಿ. ಸ್ಥೂಲಕಾಯದ ಹೆಚ್ಚಿನವರಲ್ಲಿ ಲೆಪ್ಟಿನ್‌ಗೆ ಕೊರತೆಯಿಲ್ಲ. ಮೆದುಳು ಅದರ ಮಾತಿಗೆ ಸರಿಯಾಗಿ ಕಿವಿಗೊಡುವುದಿಲ್ಲ. ಅವರು ಕಷ್ಟಪಟ್ಟು ತೂಕ ಇಳಿಸಿದರೆ ಲೆಪ್ಟಿನ್ ಇಳಿದು, ಗ್ರೆಲಿನ್ ಏರಿ, ಹಸಿವು ಇನ್ನಷ್ಟು ಕಾಡುತ್ತದೆ.

ರುಚಿಯ ಸೆಳೆತ ಬೇರೆಯೇ. ಕಲ್ಲೋಳಿ, ಗೋಕಾಕಗಳ ಕಬ್ಬಿನ ಸೀಮೆಯಲ್ಲಿ ಕರದಂಟಿನ ರುಚಿ ಅರಿಯದವರಾರು? ಅಂಟು, ಬೆಲ್ಲ, ತುಪ್ಪ, ಕೊಬ್ಬರಿ ಕೂಡಿದ ಅದರ ಒಂದು ತುಂಡು ಪುಷ್ಟಿಕರ. ಹೊಟ್ಟೆ ತುಂಬಿದ ಮೇಲೂ ಮತ್ತೊಂದಕ್ಕೆ ಕೈ ಚಾಚಿಸುವುದು ಹಸಿವಲ್ಲ. ಸಿಹಿ ಮತ್ತು ಜಿಡ್ಡು ಕೂಡಿದಾಗ ಮೆದುಳಿನಲ್ಲಿ ಹೊಮ್ಮುವ ಡೋಪಮಿನ್.

ಮನೋರೋಗಕ್ಕೆ ಕೊಡುವ ಓಲಂಜಪಿನ್, ಕ್ಲೋಜಪಿನ್‌ನಂತಹ ಔಷಧಿಗಳು ಹಲವರ ಹಸಿವನ್ನೂ ತೂಕವನ್ನೂ ಏರಿಸುತ್ತವೆ. ಅಂಥ ಸೋದರಿಯನ್ನು ಮದುವೆಮನೆಯಲ್ಲಿ ಹಂಗಿಸಿದರೆ, ಆಕೆ ನಾಚಿ ಮಾತ್ರೆಯನ್ನೇ ಬಿಟ್ಟರೆ, ರೋಗ ಮರುಕಳಿಸಿದರೆ ಹೊಣೆ ಯಾರದು? ಪರಸ್ಪರ ಗೇಲಿ ಮಾಡುವುದನ್ನು ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ.

ಹಾಗಾದರೆ ಎಲ್ಲವೂ ರಸಾಯನದ ಆಟವೇ? ಮನುಷ್ಯನಿಗೆ ಹೊಣೆಯೇ ಇಲ್ಲವೇ? ಇದೆ. ರೂಢಿಯ ಊಟದ ವೇಳೆಗೆ ಏರುವ ಗ್ರೆಲಿನ್, ಉಣ್ಣದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಮಧ್ಯಾಹ್ನ ಕಾಡಿದ ಹಸಿವು ಅಸರ್‌ನ ವೇಳೆಗೆ ಹಗುರಾಗುವುದನ್ನು ಉಪವಾಸಿಗರು ಬಲ್ಲರು. ಹಸಿವು ಕರೆಯುತ್ತದೆ, ಆಳುವುದಿಲ್ಲ. ಕರೆ ಬಂದುದಕ್ಕೆ ಯಾರೂ ತಪ್ಪಿತಸ್ಥರಲ್ಲ; ಅದಕ್ಕೆ ಹೇಗೆ ಓಗೊಟ್ಟೆವು ಎಂಬುದೇ ಪ್ರಶ್ನೆ. ಆದರೆ ಹಗಲಿಡೀ ಗೆದ್ದವರು ಇಫ್ತಾರ್‌ನ ಹರಿವಾಣದ ಮುಂದೆ ಸೋಲುವುದುಂಟು. ಹೊಟ್ಟೆಯ ಮೂರನೆಯ ಒಂದು ಪಾಲನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ಇಲ್ಲಿ ನೆನಪಾಗಬೇಕು. ಬೇಡವೆಂದ ಅತಿಥಿಯ ತಟ್ಟೆಗೆ ಬಲವಂತದಿಂದ ಸುರಿಯುವ ಆತಿಥೇಯನಿಗೂ ಅದರಲ್ಲಿ ಪಾಲುಂಟು.

ಹಸಿವು ತಗ್ಗಿಸುವ ಔಷಧಿ ಪಡೆಯುವುದು ದೌರ್ಬಲ್ಯವೇ? ರೋಗಕ್ಕೆ ಚಿಕಿತ್ಸೆ ಪಡೆಯಲು ಇಸ್ಲಾಮ್ ಪ್ರೋತ್ಸಾಹಿಸುತ್ತದೆ. ಎಚ್ಚರ ಮಾತ್ರ ಬೇಕು. 2006ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ರಿಮೊನಬಂಟ್ ಹಸಿವಿನೊಂದಿಗೆ ಕೆಲವರ ಮನೋಲ್ಲಾಸವನ್ನೂ ಕುಗ್ಗಿಸಿತು. ಖಿನ್ನತೆ, ಆತ್ಮಹತ್ಯೆಯ ಭೀತಿಯಿಂದ 2008ರಲ್ಲಿ ಅದರ ಮಾರಾಟ ನಿಂತಿತು. 2025ರಲ್ಲಿ ನಮ್ಮ ದೇಶದಲ್ಲಿ ತೂಕ ಇಳಿಸಲೆಂದು ಮಾರಾಟಕ್ಕೆ ಬಂದ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಹಲವರಿಗೆ ನೆರವಾಗಿವೆ. ಆದರೆ ನಿಲ್ಲಿಸಿದರೆ ಹೆಚ್ಚಿನವರ ತೂಕ ಮರಳುತ್ತದೆ. ವೈದ್ಯರ ಸಲಹೆಯಿಲ್ಲದೆ, ಬರೀ ಅಂದಕ್ಕಾಗಿ ಅವನ್ನು ಬಳಸುವುದು ವಿವೇಕವಲ್ಲ.

ಅಲ್ಲಾಹನು ಎಲ್ಲರಿಗೂ ಒಂದೇ ತೂಕದ ಪರೀಕ್ಷೆ ಕೊಟ್ಟಿಲ್ಲ. ಒಬ್ಬನಿಗೆ ಸುಲಭವಾದ ತುತ್ತಿನ ಸಂಯಮ ಇನ್ನೊಬ್ಬನಿಗೆ ದಿನವಿಡೀ ಹೋರಾಟ. ಆದುದರಿಂದ ನಮ್ಮ ತಟ್ಟೆಯ ವಿಷಯದಲ್ಲಿ ನಾವು ಕಠಿಣರಾಗೋಣ. ಇತರರ ಶರೀರದ ವಿಷಯದಲ್ಲಿ ಮೃದುವಾಗೋಣ.